ನಿಂತ ಕಾರಿನ ಕೂಲಂಟ್: ಬಣ್ಣ ನೋಡಿ ತೀರ್ಮಾನ ಮಾಡಬೇಡಿ

ಮಾನ್ಯ ಸಂಪಾದಕರೇ,

ಬಹಳ ದಿನ ನಿಲ್ಲಿಸಿಟ್ಟ ಕಾರನ್ನು ಮತ್ತೆ ರಸ್ತೆಗೆ ಇಳಿಸುವ ಮೊದಲು ಏನೇನು ನೋಡಬೇಕು ಎಂಬ ಲೇಖನ ನಿಮ್ಮ ವಾಹನ ಪುಟದಲ್ಲಿ ಬಂದಿತ್ತು. ಬ್ಯಾಟರಿ, ಟಯರ್, ಬ್ರೇಕ್, ಹಳೆಯ ಪೆಟ್ರೋಲ್ ಬಗ್ಗೆ ಚೆನ್ನಾಗಿ ಬರೆದಿದ್ದರು. ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟ್ ಬಗ್ಗೆ ಮಾತ್ರ ಒಂದೇ ಸಾಲು ಇತ್ತು: ಬಣ್ಣ ಮಾಸಿದ್ದರೆ ಬದಲಾಯಿಸಿ. ನನ್ನ ತಕರಾರು ಇರುವುದು ಈ ಒಂದು ಸಾಲಿನ ಬಗ್ಗೆ. ಬಣ್ಣ ಚೆನ್ನಾಗಿದ್ದೂ ಕೂಲಂಟ್ ಕೆಟ್ಟಿರಬಹುದು. ಬಣ್ಣ ಮಾಸಿದ ಹಾಗೆ ಕಂಡರೂ ಅದು ಚೆನ್ನಾಗಿಯೇ ಇರಬಹುದು. ಇವೆರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ.

ನಾನು ಕುಂದಾಪುರ ತಾಲ್ಲೂಕಿನ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ನಮ್ಮ ಕಡೆ ದುಬೈ, ಮಸ್ಕತ್, ಕುವೈತ್ ಅಂತ ಗಲ್ಫ್‌ನಲ್ಲಿ ದುಡಿಯುವವರ ಮನೆಗಳು ಬಹಳ. ಮುಂಬೈ, ಬೆಂಗಳೂರಿನಲ್ಲಿ ಹೋಟೆಲ್ ನಡೆಸುವವರೂ ಇದ್ದಾರೆ. ಊರಿನ ಮನೆಯ ಅಂಗಳದಲ್ಲಿ ಕವರ್ ಹೊದ್ದುಕೊಂಡು ಒಂದು ಕಾರು ನಿಂತಿರುತ್ತದೆ. ಯಜಮಾನರು ರಜೆಗೆ ಬಂದಾಗ ತಿಂಗಳು ಓಡುತ್ತದೆ, ಆಮೇಲೆ ಮತ್ತೆ ನಿಲ್ಲುತ್ತದೆ. ನನ್ನ ತಮ್ಮ ಮಸ್ಕತ್‌ನಲ್ಲಿದ್ದಾನೆ. ಅವನ ಕಾರು ನಮ್ಮ ಅಂಗಳದಲ್ಲಿದೆ. ಕಳೆದ ಬಾರಿ ಬರುವ ಮೊದಲು ಫೋನ್ ಮಾಡಿ, "ಅಕ್ಕ, ಗಾಡಿ ಒಂದ್ ಸಲ ಕಾಣ್, ಈ ಸಲ ಆಗುಂಬೆ ಘಾಟಿ ಹತ್ತಿಸ್ಬೇಕು" ಅಂದ.

ನಾನು ಇಬ್ಬರು ಮೆಕ್ಯಾನಿಕ್‌ಗಳನ್ನು ಕೇಳಿದೆ. ಒಬ್ಬರು ಬಾನೆಟ್ ಎತ್ತಿ, ಪಕ್ಕದ ಪ್ಲಾಸ್ಟಿಕ್ ಟ್ಯಾಂಕ್ ಕಡೆ ಬಗ್ಗಿ ನೋಡಿ, "ಟೀಚರೇ, ಹಸಿರು ಹಸಿರಾಗೇ ಉಂಟಲ್ಲ, ಏನೂ ಆಗಿಲ್ಲ" ಅಂದರು. ಇನ್ನೊಬ್ಬರು ನೋಡುವ ಗೋಜಿಗೇ ಹೋಗಲಿಲ್ಲ. "ಇಷ್ಟು ದಿನ ನಿಂತಿದೆ ಅಂದ್ರೆ ಎಲ್ಲಾ ಫ್ಲಶ್ ಮಾಡಿ ಹೊಸದು ಹಾಕ್ಬೇಕು" ಅಂದರು. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ ಇಬ್ಬರೂ ಪರೀಕ್ಷೆ ಮಾಡದೆ ಉತ್ತರ ಹೇಳಿದ್ದರು. ಪ್ರಯೋಗಾಲಯದಲ್ಲಿ ಮಕ್ಕಳಿಗೆ ಅಷ್ಟು ವರ್ಷ 'ಊಹೆ ಬೇಡ, ಅಳೆದು ಹೇಳಿ' ಅಂತ ಹೇಳಿಕೊಟ್ಟವಳು ನಾನು. ಸುಮ್ನೆ ಬಿಡಲು ಆಗಲಿಲ್ಲ.

ಕೂಲಂಟ್ ಅಂದರೆ ಬಣ್ಣದ ನೀರಲ್ಲ. ಅದರಲ್ಲಿ ಸುಮಾರು ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್. ಜೊತೆಗೆ ಲೋಹ ಸವೆಯದಂತೆ ಕಾಯುವ ಒಂದಿಷ್ಟು ರಾಸಾಯನಿಕಗಳು. ಕೊನೆಗೆ ಗುರುತಿಗೆ ಒಂದು ಬಣ್ಣ. ಅರ್ಧಕ್ಕರ್ಧ ಬೆರೆಸಿದಾಗ ಅದು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟುವುದಿಲ್ಲ. ನಮ್ಮ ಕರಾವಳಿಗೆ ಅದರಿಂದ ಏನೂ ಆಗಬೇಕಾಗಿಲ್ಲ, ನಿಜ. "ಇಲ್ಲೇನು ಹಿಮ ಬೀಳುತ್ತಾ, ನೀರು ಹಾಕಿದ್ರೆ ಸಾಲದಾ?" ಅಂತ ಕೇಳುವವರು ಇದೊಂದನ್ನೇ ನೋಡುತ್ತಾರೆ. ಅದೇ ಮಿಶ್ರಣ ಕುದಿಯಲು ಸುಮಾರು 107 ಡಿಗ್ರಿ ಬೇಕು. ರೇಡಿಯೇಟರ್ ಮುಚ್ಚಳದ ಒತ್ತಡವೂ ಸೇರಿದರೆ 125 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಸೋಮೇಶ್ವರದಿಂದ ಆಗುಂಬೆಗೆ ಫಸ್ಟ್ ಗೇರಿನಲ್ಲಿ, ಎಸಿ ಹಾಕಿಕೊಂಡು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹತ್ತುವಾಗ ಈ ಅಂತರವೇ ಎಂಜಿನ್ನನ್ನು ಕಾಪಾಡುವುದು.

ಅದಕ್ಕಿಂತ ದೊಡ್ಡ ಕೆಲಸ ಲೋಹವನ್ನು ಕಾಪಾಡುವುದು. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ರೇಡಿಯೇಟರ್ ತಾಮ್ರ-ಹಿತ್ತಾಳೆಯದು, ಎಂಜಿನ್ ಹೆಚ್ಚಾಗಿ ಬೀಡು ಕಬ್ಬಿಣದ್ದು. ಆಗ ಬಾವಿ ನೀರು ಹಾಕಿಕೊಂಡೇ ಓಡಿಸಿದರು. ತೂತಾದರೆ ಬೆಸುಗೆ ಹಾಕಿಸಿದರು. ಈಗಿನ ಕಾರಿನ ರೇಡಿಯೇಟರ್ ತೆಳುವಾದ ಅಲ್ಯುಮಿನಿಯಂ, ಅದರ ಎರಡು ಬದಿಗೆ ಪ್ಲಾಸ್ಟಿಕ್ ತೊಟ್ಟಿ. ಎಂಜಿನ್ ಹೆಡ್ಡೂ ಅಲ್ಯುಮಿನಿಯಂ. ಈ ಲೋಹದ ಸ್ವಭಾವ ವಿಚಿತ್ರ. ಅದು ಆಮ್ಲದಲ್ಲೂ ಕರಗುತ್ತದೆ, ಗಟ್ಟಿ ಕ್ಷಾರದಲ್ಲೂ ಕರಗುತ್ತದೆ. ಅದರ ಮೈಮೇಲಿರುವ ತೆಳು ಆಕ್ಸೈಡ್ ಪದರವೇ ಅದನ್ನು ಉಳಿಸುವುದು. ಆ ಪದರ ಹರಿಯದಂತೆ ನೋಡಿಕೊಳ್ಳುವುದೇ ಕೂಲಂಟಿನಲ್ಲಿರುವ ರಾಸಾಯನಿಕಗಳ ಕೆಲಸ.

ಈ ರಾಸಾಯನಿಕಗಳು ಕಾಲ ಕಳೆದಂತೆ ಖರ್ಚಾಗುತ್ತವೆ. ಬಿಸಿ ಮತ್ತು ಗಾಳಿ ಸೇರಿದಾಗ ಗ್ಲೈಕಾಲ್ ನಿಧಾನವಾಗಿ ಆಕ್ಸಿಡೈಸ್ ಆಗಿ ಗ್ಲೈಕಾಲಿಕ್ ಆಮ್ಲ, ಫಾರ್ಮಿಕ್ ಆಮ್ಲಗಳಾಗುತ್ತದೆ. ಹೊಸ ಕೂಲಂಟಿಗೆ ಆ ಆಮ್ಲವನ್ನು ನುಂಗಿಕೊಳ್ಳುವ ಶಕ್ತಿ ಇರುತ್ತದೆ. ಅದು ಮುಗಿದ ಮೇಲೆ ಪಿಎಚ್ (ಆಮ್ಲ-ಕ್ಷಾರದ ಅಳತೆ; ಏಳಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ಇಳಿಯಲು ಶುರುವಾಗುತ್ತದೆ. ಆಗಲೂ ಗ್ಲೈಕಾಲ್ ಪ್ರಮಾಣ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಬಣ್ಣವೂ ಹಾಗೇ ಇರುತ್ತದೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಹಸಿರಾಗಿರುವುದೆಲ್ಲ ಕೂಲಂಟ್ ಅಲ್ಲ.

ತಮ್ಮನ ಕಾರಿನಲ್ಲಿ ಆದದ್ದು ಇದೇ. ಅವನ ಸರ್ವಿಸ್ ಪುಸ್ತಕದಲ್ಲಿ ಕೂಲಂಟ್ ಬದಲಾಯಿಸಿದ್ದು 2018ರಲ್ಲಿ ಎಂದಿತ್ತು. ಯಾವ ಜಾತಿಯದು ಅಂತ ಬರೆದಿರಲಿಲ್ಲ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಸಿ, ಉದ್ದ ನಳಿಕೆಯ ಸಿರಿಂಜಿನಲ್ಲಿ ಒಂದಿಷ್ಟು ಎಳೆದು ಗಾಜಿನ ಬಾಟಲಿಗೆ ಹಾಕಿದೆ. ನೋಡಲು ತಿಳಿ ಹಸಿರು, ಚಂದ. ಗ್ಲೈಕಾಲ್ ಪ್ರಮಾಣ ಅಳೆಯುವ, ವರ್ಕ್‌ಶಾಪಿನವರ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡಿದರೆ ಗ್ಲೈಕಾಲ್ ಸುಮಾರು ಅರ್ಧ, ಅದೂ ಸರಿ. ಪಿಎಚ್ ಪಟ್ಟಿ ಅದ್ದಿದೆ. ಆರರಿಂದ ಆರೂವರೆಯ ನಡುವೆ ತೋರಿಸಿತು. ಪಕ್ಕದಲ್ಲೇ ಹೊಸ ಕ್ಯಾನಿನಿಂದ ತೆಗೆದ ಕೂಲಂಟನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿ ಅದ್ದಿದರೆ ಎಂಟರ ಮೇಲೆ. ಅಂದರೆ ಕಾರು ನಿಲ್ಲುವ ಮೊದಲು ಓಡಿದ ವರ್ಷಗಳಲ್ಲೇ ಅದರ ಶಕ್ತಿ ಬಹುಪಾಲು ಮುಗಿದಿತ್ತು. ಎಲ್ಲ ಇಳಿಸಿ ಹೊಸದು ತುಂಬಿಸಿದೆವು.

ಅದೇ ವಾರ ಪಕ್ಕದ ಮನೆಯವರ ಕಾರನ್ನೂ ನೋಡಿದೆ. ಅವರ ಮಗ ಕುವೈತ್‌ನಲ್ಲಿದ್ದಾನೆ. ಟ್ಯಾಂಕ್ ಒಳಗೆ ಕೆಂಪು ಹೋಗಿ ಕಂದು ಬಣ್ಣ ಕಾಣುತ್ತಿತ್ತು. ವರ್ಕ್‌ಶಾಪಿನಲ್ಲಿ 'ಕೊಳೆತು ಹೋಗಿದೆ' ಅಂದಿದ್ದರಂತೆ. ಬಾಟಲಿಗೆ ತೆಗೆದು ಒಂದು ರಾತ್ರಿ ಅಲುಗಾಡಿಸದೆ ಇಟ್ಟೆ. ಬೆಳಿಗ್ಗೆ ನೋಡಿದರೆ ತಿಳಿಯಾದ ಕೆಂಪು, ತಳದಲ್ಲಿ ಚೂರೂ ಗಸಿ ಇಲ್ಲ. ಕಂದು ಬಣ್ಣ ಇದ್ದದ್ದು ಟ್ಯಾಂಕಿನ ಹಳೆಯ ಪ್ಲಾಸ್ಟಿಕ್‌ನಲ್ಲಿ. ಪಿಎಚ್ ಹೊಸದರ ಹಾಗೇ ಇತ್ತು. ಪುಸ್ತಕದ ಪ್ರಕಾರ ಅದು ಲಾಂಗ್ ಲೈಫ್ ಕೂಲಂಟ್, ಹಾಕಿ ಎರಡೇ ವರ್ಷ ಆಗಿತ್ತು. ಬದಲಾಯಿಸುವ ಅಗತ್ಯವೇ ಇರಲಿಲ್ಲ. ಸುಮ್ನೆ ಖರ್ಚು ಮಾಡಿಸಿ, ಇನ್ನೂ ಚೆನ್ನಾಗಿರುವ ನಾಲ್ಕು ಲೀಟರ್ ಕೂಲಂಟನ್ನು, ಅದೂ ವಿಷವನ್ನು, ಚರಂಡಿಗೆ ಬಿಡುವುದು ಯಾವ ನ್ಯಾಯ?

ಹಾಗಾಗಿ ನಿಂತ ಕಾರಿನವರು ಮೊದಲು ಹುಡುಕಬೇಕಾದದ್ದು ಸರ್ವಿಸ್ ಪುಸ್ತಕ. ಕಿಲೋಮೀಟರ್ ಮಾತ್ರ ನೋಡಬೇಡಿ, ತಾರೀಕು ನೋಡಿ. ಹಳೆಯ ರೀತಿಯ ಕೂಲಂಟಿಗೆ ಸಾಮಾನ್ಯವಾಗಿ ಎರಡು ವರ್ಷ ಅಥವಾ 40,000 ಕಿ.ಮೀ. ಎಂಬ ಲೆಕ್ಕ. ಸಾವಯವ ಆಮ್ಲಗಳ ಲವಣ ಬಳಸುವ ಲಾಂಗ್ ಲೈಫ್ ಜಾತಿ ಐದು ವರ್ಷ, ಕೆಲವು ಅದಕ್ಕೂ ಜಾಸ್ತಿ. ನಿಮ್ಮ ಕಾರಿಗೆ ಎಷ್ಟು ಅನ್ನುವುದು ಮ್ಯಾನ್ಯುಅಲ್‌ನಲ್ಲೇ ಇರುತ್ತದೆ. ನಿಂತಿದ್ದ ಮಾತ್ರಕ್ಕೆ ಕೂಲಂಟ್ ಬೇಗ ಹಾಳಾಗುವುದಿಲ್ಲ. ತಣ್ಣಗೆ ಮುಚ್ಚಿಕೊಂಡು ಕೂತ ಕೂಲಂಟು ದಿನಾ ಕಾದು ಓಡುವ ಕೂಲಂಟಿಗಿಂತ ನಿಧಾನವಾಗಿಯೇ ಹಳತಾಗುತ್ತದೆ. ಅವಧಿ ಇನ್ನೂ ಉಳಿದಿದ್ದರೆ, ಪರೀಕ್ಷೆಯೂ ಸರಿ ಬಂದರೆ ಬಿಟ್ಟುಬಿಡಿ. ಅವಧಿ ದಾಟಿದ್ದರೆ, ಅಥವಾ ಯಾವಾಗ ಹಾಕಿದ್ದು ಅಂತ ಯಾರಿಗೂ ಗೊತ್ತಿಲ್ಲದಿದ್ದರೆ, ಬದಲಾಯಿಸುವುದೇ ಜಾಣತನ.

ನಿಂತ ಕಾರಿಗೆ ಬೇರೆಯದೇ ಕಷ್ಟಗಳಿವೆ. ಕೂಲಂಟ್ ಮಟ್ಟ ಇಳಿದು ಒಳಗೆ ಗಾಳಿ ಸೇರಿದ್ದರೆ, ದ್ರವ ಮತ್ತು ಗಾಳಿ ಸೇರುವ ಗೆರೆಯ ಹತ್ತಿರ ಲೋಹ ಬೇಗ ಸವೆಯುತ್ತದೆ. ಓಡದೆ ಇದ್ದಾಗ ಗಸಿ ತಳಕ್ಕೆ ಕೂರುತ್ತದೆ. ವಾಟರ್ ಪಂಪಿನ ಸೀಲ್ ಒಣಗಿ, ಸ್ಟಾರ್ಟ್ ಮಾಡಿದ ಮೇಲೆ ಜಿನುಗಲು ಶುರುವಾಗಬಹುದು. ರಬ್ಬರ್ ಹೋಸ್‌ಗಳು ಬಿರುಸಾಗುತ್ತವೆ. ಮಳೆಗಾಲದಲ್ಲಿ ಇಲಿ-ಹೆಗ್ಗಣಗಳಿಗೆ ಬಾನೆಟ್ ಒಳಗಿಗಿಂತ ಬೆಚ್ಚಗಿನ ಜಾಗ ಇನ್ನೊಂದಿಲ್ಲ. ಹೋಸ್ ಕಡಿದ ಗುರುತು ಇದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಜಾಯಿಂಟುಗಳ ಸುತ್ತ ಬಿಳಿ ಅಥವಾ ಬಣ್ಣದ ಪುಡಿ ಗಟ್ಟಿಯಾಗಿ ಅಂಟಿದ್ದರೆ ಅಲ್ಲಿ ಕೂಲಂಟ್ ಜಿನುಗಿ ಒಣಗಿದೆ ಎಂದರ್ಥ. ಕಾರಿನ ಒಳಗೆ ಮುಂದಿನ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕಡೆ ಸೋರಿಕೆ ಇರಬಹುದು. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದರೊಳಗೆ ಕೂಲಂಟ್ ಸೇರಿರಬಹುದು, ಸ್ಟಾರ್ಟ್ ಮಾಡಲೇಬೇಡಿ, ಮೆಕ್ಯಾನಿಕ್‌ಗೆ ತೋರಿಸಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಪಕ್ಕದ ಪ್ಲಾಸ್ಟಿಕ್ ಟ್ಯಾಂಕ್ ಬರೀ ಹೆಚ್ಚುವರಿ ಕೂಲಂಟ್ ತುಂಬುವ ಡಬ್ಬಿ. ಎಂಜಿನ್ ಕಾದಾಗ ಹಿಗ್ಗಿದ ಕೂಲಂಟ್ ಒಂದು ತೆಳು ನಳಿಕೆಯಲ್ಲಿ ಅಲ್ಲಿಗೆ ಬರುತ್ತದೆ, ತಣ್ಣಗಾದಾಗ ವಾಪಸ್ ಹೋಗುತ್ತದೆ. ಅಷ್ಟೇ. ಸರ್ವಿಸ್‌ನಲ್ಲಿ ಯಾರೋ ಅಲ್ಲಿಗೆ ಹೊಸದು ಸ್ವಲ್ಪ ಸುರಿದಿದ್ದರೆ ಅದು ಅಲ್ಲೇ ಫಳಫಳ ಅನ್ನುತ್ತಿರುತ್ತದೆ, ರೇಡಿಯೇಟರ್ ಒಳಗೆ ಕೆಸರು ಇದ್ದರೂ! ಆದ್ದರಿಂದ ಪರೀಕ್ಷೆಗೆ ರೇಡಿಯೇಟರಿನಿಂದಲೇ ತೆಗೆಯಬೇಕು. ರೇಡಿಯೇಟರಿಗೆ ಮುಚ್ಚಳವೇ ಇಲ್ಲದ ಕಾರುಗಳೂ ಇವೆ. ಅವುಗಳಲ್ಲಿ ಟ್ಯಾಂಕಿಗೇ ಒತ್ತಡದ ಮುಚ್ಚಳ ಇರುತ್ತದೆ, ಕೂಲಂಟ್ ಅದರೊಳಗೂ ಸುತ್ತುತ್ತದೆ. ಅಲ್ಲಿಂದ ತೆಗೆದರೆ ಸಾಕು. ಎರಡರಲ್ಲೂ ಎಂಜಿನ್ ತಣ್ಣಗಿರಲೇಬೇಕು. ಬಿಸಿ ಎಂಜಿನ್ನಿನ ಮುಚ್ಚಳ ತಿರುಗಿಸಿದರೆ ಒತ್ತಡ ಬಿಟ್ಟ ಕೂಡಲೇ ಕುದಿಯುವ ಕೂಲಂಟ್ ಮುಖಕ್ಕೆ ಹಾರುತ್ತದೆ. ಇದಕ್ಕೆ ಬಟ್ಟೆ ಹಿಡಿದರೂ ರಕ್ಷೆ ಇಲ್ಲ.

ಪಿಎಚ್ ಪಟ್ಟಿ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯೇನಲ್ಲ. ಒಂದರಿಂದ ಹದಿನಾಲ್ಕರವರೆಗಿನ ಪಟ್ಟಿಗಿಂತ ಐದರಿಂದ ಹತ್ತರ ಆಸುಪಾಸಿನದು ಸಿಕ್ಕರೆ ಒಳ್ಳೆಯದು, ಅದರಲ್ಲಿ ಅರ್ಧರ್ಧ ಅಂಕಿಯ ವ್ಯತ್ಯಾಸ ಗೊತ್ತಾಗುತ್ತದೆ. ಕೂಲಂಟಿನ ಬಣ್ಣ ಪಟ್ಟಿಗೆ ಅಂಟಿ ಕಣ್ಣಿಗೆ ಮೋಸ ಮಾಡಬಹುದು. ಹಾಗಾಗಿ ಅದೇ ಜಾತಿಯ ಹೊಸ ಕೂಲಂಟಿನಲ್ಲಿ ಇನ್ನೊಂದು ಪಟ್ಟಿ ಅದ್ದಿ, ಎರಡನ್ನೂ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಬೇಕು. ಹಳೆಯ ಜಾತಿ ಹೊಸದಾಗಿರುವಾಗ ಪಿಎಚ್ ಹತ್ತರ ಹತ್ತಿರವೂ ಇರುತ್ತದೆ, ಲಾಂಗ್ ಲೈಫ್ ಜಾತಿಯದು ಎಂಟು-ಎಂಟೂವರೆ. ಏಳಕ್ಕಿಂತ ಕೆಳಗೆ ಬಂದರೆ ಎರಡನೇ ಮಾತಿಲ್ಲ, ಬದಲಾಯಿಸಿ. ರಿಫ್ರಾಕ್ಟೋಮೀಟರ್ ಗ್ಲೈಕಾಲ್ ಎಷ್ಟಿದೆ ಎಂದು ಮಾತ್ರ ಹೇಳುತ್ತದೆ. ಲೋಹ ಕಾಯುವ ಶಕ್ತಿ ಉಳಿದಿದೆಯಾ ಅಂತ ಅದು ಹೇಳುವುದಿಲ್ಲ. ಅದೊಂದನ್ನೇ ನಂಬಿ 'ಪಾಸ್' ಅನ್ನುವ ವರ್ಕ್‌ಶಾಪುಗಳಿವೆ, ಅದು ತಪ್ಪು.

ಇನ್ನು ನೀರಿನ ವಿಷಯ. ನಮ್ಮ ಕರಾವಳಿಯವರು ಇದನ್ನು ಗಮನವಿಟ್ಟು ಓದಬೇಕು ಅಂತ ನನ್ನ ಕೋರಿಕೆ. ಹೊಳೆ ಬಾಗಿಲಿನ ಹತ್ತಿರದ ಊರುಗಳಲ್ಲಿ, ಗಂಗೊಳ್ಳಿ ಕಡೆಯ ಹಿನ್ನೀರಿನ ದಂಡೆಯಲ್ಲಿ, ಏಪ್ರಿಲ್-ಮೇ ಬಂತೆಂದರೆ ಬಾವಿ ನೀರು ಉಪ್ಪಾಗುತ್ತದೆ. ಮಟ್ಟ ಕಡಿಮೆಯಾಗಿದೆ ಅಂತ ಒಂದು ಚೊಂಬು ಆ ನೀರು ಹಾಕಿದರೆ, ಅದರ ಕ್ಲೋರೈಡ್ ಅಲ್ಯುಮಿನಿಯಂನ ಆ ತೆಳು ಪದರವನ್ನು ಅಲ್ಲಲ್ಲಿ ಚುಚ್ಚುತ್ತದೆ. ಲೋಹ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ, ಸೂಜಿ ಮೊನೆಯಷ್ಟು ಗುಂಡಿ ಬಿದ್ದು ಅಲ್ಲೇ ಆಳಕ್ಕೆ ಇಳಿಯುತ್ತದೆ. ಕಾರು ನಿಂತೇ ಇದ್ದರೂ ಈ ಕೆಲಸ ನಿಲ್ಲುವುದಿಲ್ಲ. ಬಯಲುಸೀಮೆಯ ಬೋರ್‌ವೆಲ್ ನೀರಿನ ಕಥೆ ಬೇರೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಲಾರ್ ಹೀಟರಿನಲ್ಲಿ ಕಟ್ಟುವ ಬಿಳಿ ಗಾರೆ ರೇಡಿಯೇಟರ್ ಕೊಳವೆಯಲ್ಲೂ ಕಟ್ಟುತ್ತದೆ. ಮಳೆ ನೀರು ಶುದ್ಧ ಅಲ್ವಾ ಅಂತ ಒಬ್ಬರು ಕೇಳಿದರು. ಸಮುದ್ರದ ಹತ್ತಿರದ ಮಳೆಯಲ್ಲೂ ಉಪ್ಪಿನ ಅಂಶ ಇರುತ್ತದೆ. ಹೆಂಚಿನ ಮೇಲೆ ಹರಿದು ಬಂದರೆ ಇನ್ನೂ ಏನೇನೋ ಸೇರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರೂ ಬೇಡ, ಅದರಲ್ಲಿ ಕಾಯಿಲ್ ಮೇಲಿನ ಧೂಳಿರುತ್ತದೆ. ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ಎಂದು ಬರೆದ ಕ್ಯಾನ್ ತನ್ನಿ.

ಹೊಸ ಕೂಲಂಟ್ ಕೊಳ್ಳುವಾಗಲೂ ಬಣ್ಣ ಹೇಳಿ ಕೇಳಬೇಡಿ. ಹಸಿರು, ಕೆಂಪು, ನೀಲಿ ಎಂಬುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮ ಯಾವುದೂ ಇಲ್ಲ. ಜಪಾನಿ, ಕೊರಿಯನ್ ಕಾರು ತಯಾರಕರು ಸಾಮಾನ್ಯವಾಗಿ ಫಾಸ್ಫೇಟ್ ಇರುವ, ಸಿಲಿಕೇಟ್ ಇಲ್ಲದ ಕೂಲಂಟ್ ಬಯಸುತ್ತಾರೆ. ಯುರೋಪಿನವರದು ಹೆಚ್ಚಾಗಿ ಇದರ ಉಲ್ಟಾ. ಹೊಂದದ ಜಾತಿಗಳನ್ನು ಬೆರೆಸಿದರೆ ಕೆಲವೊಮ್ಮೆ ಲೋಳೆಯಂತೆ ಗಟ್ಟಿಯಾಗುತ್ತದೆ, ಆಗದಿದ್ದರೂ ಬಾಳಿಕೆ ಕಡಿಮೆಯಾಗುತ್ತದೆ. ಮ್ಯಾನ್ಯುಅಲ್‌ನಲ್ಲಿ ಯಾವ ಗುಣಮಟ್ಟ ಹೇಳಿದ್ದಾರೋ ಅದನ್ನು ಕ್ಯಾನಿನ ಮೇಲೆ ಹುಡುಕಿ. ಭಾರತದ ಐಎಸ್ 5759, ಜಪಾನಿನ ಜೆಐಎಸ್ ಕೆ 2234 ಇಂಥ ಗುರುತುಗಳು ಸಣ್ಣ ಅಕ್ಷರದಲ್ಲಿ ಇರುತ್ತವೆ. ನೀರು ಬೆರೆಸಬೇಕಾದ ಕಾನ್ಸಂಟ್ರೇಟ್ ಬೇರೆ, ಹಾಗೇ ಸುರಿಯುವ ರೆಡಿಮಿಕ್ಸ್ ಬೇರೆ, ಅದನ್ನೂ ಓದಿ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತ ನೀರೇ ಬೆರೆಸದೆ ಹಾಕುವವರಿದ್ದಾರೆ. ಬರೀ ಗ್ಲೈಕಾಲ್ ನೀರಿನಷ್ಟು ಬಿಸಿ ಹೊರುವುದಿಲ್ಲ. ಅದರಿಂದ ಎಂಜಿನ್ ಇನ್ನೂ ಬಿಸಿಯಾಗುತ್ತದೆ.

ತುಂಬಿಸಿದ ಮೇಲೆ ಒಳಗಿನ ಗಾಳಿ ಹೋಗುವ ತನಕ ಹೀಟರ್ ಆನ್ ಮಾಡಿ ಎಂಜಿನ್ ಓಡಿಸಬೇಕು. ಬಿಸಿಯಾದಾಗ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ತೆರೆಯುತ್ತದೆ. ಅದು ತೆರೆದು ಫ್ಯಾನ್ ತಿರುಗುವವರೆಗೂ ಮೀಟರಿನ ಮೇಲೆ ಕಣ್ಣಿಡಿ. ತಣ್ಣಗಾದ ಮೇಲೆ ಮಟ್ಟ ಮತ್ತೆ ನೋಡಿ, ಇಳಿದಿರುತ್ತದೆ, ತುಂಬಿಸಿ. ಘಾಟಿಗೆ ಹೊರಡುವ ಮೊದಲು ಊರಲ್ಲೇ ಒಂದೆರಡು ದಿನ ಓಡಿಸುವುದು ಒಳ್ಳೆಯದು.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ಹಳೆಯ ಕೂಲಂಟ್ ಏನಾಗುತ್ತದೆ ಎಂಬುದು. ಎಷ್ಟೋ ಕಡೆ ಅಂಗಳದಲ್ಲೇ ಇಳಿಸಿ, ಬಕೆಟನ್ನು ತೆಂಗಿನ ಬುಡಕ್ಕೋ ಚರಂಡಿಗೋ ಸುರಿಯುತ್ತಾರೆ. ನಮ್ಮ ಮನೆಗಳಲ್ಲಿ ಬಾವಿ ಇರುವುದು ಅಂಗಳದ ಮೂಲೆಯಲ್ಲೇ. ಎಥಿಲೀನ್ ಗ್ಲೈಕಾಲ್ ನಾಲಿಗೆಗೆ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ. ಬಣ್ಣ ನೋಡಿ ಶರಬತ್ತು ಅಂದುಕೊಂಡು ಮಕ್ಕಳೂ ಬಾಯಿಗಿಡಬಹುದು. ದೇಹದೊಳಗೆ ಅದು ಗ್ಲೈಕಾಲಿಕ್ ಆಮ್ಲವಾಗಿ, ಆಮೇಲೆ ಆಕ್ಸಾಲಿಕ್ ಆಮ್ಲವಾಗುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಮೂತ್ರಪಿಂಡದಲ್ಲಿ ಕೂರುತ್ತದೆ. ಮೊದಲು ಬರೀ ಅಮಲು ಬಂದ ಹಾಗೆ ಕಾಣುತ್ತದೆ. ಅಪಾಯ ಗೊತ್ತಾಗುವ ಹೊತ್ತಿಗೆ ತಡವಾಗಿರಬಹುದು. ದೊಡ್ಡವರಿಗೇ ಸುಮಾರು 100 ಮಿಲಿ ಪ್ರಾಣಕ್ಕೆ ಎರವಾಗಬಲ್ಲದು, ಮಕ್ಕಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಇದಕ್ಕೆ ಔಷಧಿ ಇದೆ, ಆದರೆ ಬೇಗ ಕೊಡಬೇಕು. ಕುಡಿದ ಅನುಮಾನ ಬಂದರೂ ಸಾಕು, ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ, ಕ್ಯಾನನ್ನೂ ಜೊತೆಗೆ ಒಯ್ಯಿರಿ. ಹಳೆಯ ನೀರಿನ ಬಾಟಲಿಯಲ್ಲಿ ಕೂಲಂಟ್ ತುಂಬಿಡುವ ಅಭ್ಯಾಸವನ್ನಂತೂ ಇವತ್ತೇ ಬಿಡಿ.

ವರ್ಕ್‌ಶಾಪಿನವರಲ್ಲಿ ನನ್ನದು ಎರಡು ಬೇಡಿಕೆ. ಕೂಲಂಟ್ ಹಾಕಿದ ದಿನ, ಅದರ ಜಾತಿ, ಕಾನ್ಸಂಟ್ರೇಟಾದರೆ ಎಷ್ಟಕ್ಕೆಷ್ಟು ಬೆರೆಸಿದ್ದು ಎಂದು ಬರೆದ ಒಂದು ಚೀಟಿಯನ್ನು ಬಾನೆಟ್ ಒಳಗೆ ಅಂಟಿಸಿ. ಆಯಿಲ್ ಬದಲಾಯಿಸಿದಾಗ ಅಂಟಿಸುತ್ತೀರಲ್ಲ, ಹಾಗೆಯೇ. ಎರಡನೆಯದು, ಇಳಿಸಿದ ಕೂಲಂಟನ್ನು ಮುಚ್ಚಳ ಇರುವ ಕ್ಯಾನಿನಲ್ಲಿ ಹಿಡಿದಿಡಿ, ಚರಂಡಿಗೆ ಬಿಡಬೇಡಿ. ಅದನ್ನು ಎಲ್ಲಿಗೆ ಕೊಡಬೇಕು ಅನ್ನುವುದನ್ನು ಸ್ಥಳೀಯ ಆಡಳಿತದವರು ಸ್ಪಷ್ಟವಾಗಿ ಹೇಳಬೇಕು, ಸಂಗ್ರಹಕ್ಕೆ ತಾಲ್ಲೂಕಿಗೆ ಒಂದಾದರೂ ಜಾಗ ಮಾಡಿಕೊಡಬೇಕು.

ಗಲ್ಫ್‌ನಿಂದ ನಮ್ಮವರು ರಜೆಗೆ ಬರುವುದು ಹೆಚ್ಚಾಗಿ ಮಕ್ಕಳ ಶಾಲೆ ರಜೆಯಿರುವ ಜುಲೈ-ಆಗಸ್ಟ್‌ನಲ್ಲಿ. ಅದಕ್ಕೆ ಮೊದಲೇ ನಿಮ್ಮ ವಾಹನ ಪುಟದಲ್ಲಿ ಈ ವಿಷಯವನ್ನು ಚಿತ್ರಗಳ ಸಮೇತ ಇನ್ನೊಮ್ಮೆ ಬರೆಸಿ ಎಂದು ಕೇಳಿಕೊಳ್ಳುತ್ತೇನೆ. ಪಿಎಚ್ ಪಟ್ಟಿ ಹಿಡಿದು ತೋರಿಸಲು ಯಾರಾದರೂ ಬೇಕಿದ್ದರೆ ನಾನೇ ಬರುತ್ತೇನೆ.

ಇಂತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ,
ಕುಂದಾಪುರ ತಾಲ್ಲೂಕು